ಹಲಗಲಿಯ ಲಾವಣಿ ಮತ್ತು ಐದನೆಯ ತರಗತಿ

ಇತಿಹಾಸವನ್ನು ಕಲಿಯುವುದೆಂದರೆ ನಡೆದುಹೋದ ಸಂಗತಿಗಳನ್ನು ನೆನಪಿನಲ್ಲಿಡುವುದೆಂದು ನಮ್ಮಲ್ಲಿ ಬಹುಮಂದಿ ತಿಳಿದಿರುವರು. ಅರಸರ ಹೆಸರು, ಯುದ್ಧಗಳ ಇಸವಿ, ಒಪ್ಪಂದಗಳ ಷರತ್ತು ಇವುಗಳನ್ನು ಗುರುಗಳು ಹೇಳಿಕೊಡುವುದೂ ಮಕ್ಕಳು ಒಪ್ಪಿಸುವುದೂ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಆದರೆ ಒಂದು ಸಂಗತಿ ನಡೆಯಿತೆಂಬುದು ನಮಗೆ ಹೇಗೆ ತಿಳಿಯಿತು, ಅದನ್ನು ಹೇಳಿದವರು ಯಾರು, ಅವರು ಕಣ್ಣಾರೆ ಕಂಡು ಹೇಳಿದರೋ ಕೇಳಿ ಬರೆದರೋ, ಅವರ ಮಾತಿಗೆ ಬೇರೆ ಸಾಕ್ಷಿ ಉಂಟೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಕೇಳಲು ಕಲಿಯದ ಮಗುವು, ನೂರು ಇಸವಿಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದರೂ, ಇತಿಹಾಸವನ್ನು ಕಲಿತಿದೆಯೆಂದು ಹೇಳಲಾಗದು. ಆ ಪ್ರಶ್ನೆಗಳನ್ನು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಕಲಿಸಬಹುದೇ, ಕಲಿಸುವುದಾದರೆ ಯಾವ ಸಾಮಗ್ರಿಯಿಂದ, ಯಾವ ಕ್ರಮದಿಂದ ಎಂಬುದೇ ಇಲ್ಲಿನ ವಿಚಾರ. ಇದಕ್ಕೆ ಬೇಕಾದ ಸಾಮಗ್ರಿಯು ದೂರದ ಪತ್ರಾಗಾರಗಳಲ್ಲಿ ಮಾತ್ರ ಇದೆಯೆಂಬ ಭ್ರಮೆಯನ್ನು ಕಳೆಯಲು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳು ಅತ್ಯುತ್ತಮ ನಿದರ್ಶನವಾಗಿವೆ.

ಇಂದು ಒಂದೇ ಜಿಲ್ಲೆಯೊಳಗೆ ಅಕ್ಕಪಕ್ಕದಲ್ಲಿರುವ ಈ ಊರುಗಳು ಸ್ವಾತಂತ್ರ್ಯಕ್ಕೆ ಮುಂಚೆ ಒಂದೇ ಆಡಳಿತಕ್ಕೆ ಸೇರಿದ್ದವಲ್ಲ. ಜಮಖಂಡಿಯು ಪಟವರ್ಧನ ಮನೆತನದವರ ಸಂಸ್ಥಾನ. ಮುಧೋಳವು ಘೋರ್ಪಡೆಯವರ ಸಂಸ್ಥಾನ. ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿ ನೇರವಾಗಿ ಬ್ರಿಟಿಷರ ಆಳಿಕೆಗೆ ಒಳಪಟ್ಟಿದ್ದ ಊರು. ಈಗ ಒಂದೇ ನಗರಸಭೆಯ ಹೆಸರಿನಲ್ಲಿ ಜೊತೆಗೂಡಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿಯೂ ರಬಕವಿಯು ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಆ ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಾಳಿತು. 1997ರ ಆಗಸ್ಟ್ 15ರಂದು ವಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಜಿಲ್ಲೆಯು ಬೇರ್ಪಟ್ಟಿತು. ಬನಹಟ್ಟಿಯ ಒಂದೇ ಓಣಿಯಲ್ಲಿ, ಒಂದೇ ಮನೆಯಲ್ಲಿ ಎಂಬತ್ತೈದು ವರ್ಷ ಬಾಳಿದ ಹಿರಿಯನೊಬ್ಬನು, ಮನೆಯ ಹೊಸ್ತಿಲನ್ನು ಬದಲಿಸದೆಯೇ, ಒಂದು ಸಂಸ್ಥಾನದ ಪ್ರಜೆಯಾಗಿ ಹುಟ್ಟಿ, ಮುಂಬಯಿಯ ಆಡಳಿತದಲ್ಲಿ ಅಕ್ಷರ ಕಲಿತು, ಮೈಸೂರು ರಾಜ್ಯದಲ್ಲಿ ಸಂಸಾರ ಹೂಡಿ, ಕರ್ನಾಟಕದಲ್ಲಿ ಮೊಮ್ಮಕ್ಕಳನ್ನು ಕಂಡಿರುವನು.

ಈ ಸಂಗತಿಯನ್ನು ಹೀಗೆ ಒಂದು ವಾಕ್ಯವೃಂದದಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಮಗುವೇ ಅದನ್ನು ಕಂಡುಹಿಡಿಯುವಂತೆ ಮಾಡುವುದರಲ್ಲಿ ಶಿಕ್ಷಣವಿದೆ. “ಮುತ್ಯಾ, ನೀ ಸಾಲಿಗೆ ಹೋಗುವಾಗ ನಮ್ಮೂರು ಯಾರ ರಾಜ್ಯದಾಗ ಇತ್ತು?” ಎಂದು ಮನೆಯ ಹಿರಿಯನನ್ನು ಕೇಳಿ ಬರಲು ಹೇಳಿದರೆ, ಅದು ಮೊದಲನೆಯ ಸಾಕ್ಷಿ. ಪೆಟ್ಟಿಗೆಯಲ್ಲಿರುವ ಹಳೆಯ ಶಾಲಾ ದಾಖಲೆ, ಹೊಲದ ಉತಾರ, ರೇಷನ್ ಕಾರ್ಡು, ಲಗ್ನಪತ್ರಿಕೆ ಇವುಗಳ ತಲೆಬರಹದಲ್ಲಿ ಯಾವ ರಾಜ್ಯದ, ಯಾವ ಜಿಲ್ಲೆಯ ಹೆಸರಿದೆಯೆಂದು ನೋಡಿ ಬರೆದುಕೊಂಡರೆ, ಅದು ಎರಡನೆಯ ಸಾಕ್ಷಿ. ಅಜ್ಜನ ನೆನಪು ಕಾಗದದೊಡನೆ ಕೂಡಿಬಂದರೆ ಸಂತೋಷ. ಕೂಡಿಬಾರದಿದ್ದರೆ ಅಲ್ಲಿಂದಲೇ ಇತಿಹಾಸದ ಪಾಠವು ಆರಂಭವಾಗುವುದು. ಏಕೆಂದರೆ ಎರಡು ಸಾಕ್ಷಿಗಳು ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು, ಏಕೆ ನಂಬಬೇಕು ಎಂಬ ವಿಚಾರವನ್ನು ಮಗುವು ತಪ್ಪಿಸಿಕೊಳ್ಳುವಂತಿಲ್ಲ.

ಹೊರದೇಶಗಳಲ್ಲಿ ಈ ವಿಷಯದ ಮೇಲೆ ಗಂಭೀರವಾದ ಚಿಂತನೆ ನಡೆದಿದೆ. ಅಮೆರಿಕೆಯ ವಿದ್ವಾಂಸ ಸ್ಯಾಮ್ ವೈನ್‌ಬರ್ಗ್ ಎಂಬವರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 1775ರ ಲೆಕ್ಸಿಂಗ್ಟನ್ ಕಾಳಗಕ್ಕೆ ಸಂಬಂಧಿಸಿದ ಒಂದೇ ಕಾಗದಪತ್ರಗಳನ್ನು ಇತಿಹಾಸಕಾರರ ಮುಂದೂ ಪ್ರೌಢಶಾಲೆಯ ಜಾಣ ವಿದ್ಯಾರ್ಥಿಗಳ ಮುಂದೂ ಇಟ್ಟು, ಎರಡು ಗುಂಪಿನವರೂ ಅವನ್ನು ಓದುವ ಬಗೆಯನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಮೊದಲ ಪದದಿಂದ ಕೊನೆಯ ಪದದವರೆಗೆ ಪಾಠಪುಸ್ತಕವನ್ನು ಓದುವಂತೆಯೇ ಓದಿದರು. ಇತಿಹಾಸಕಾರರಾದರೋ ಬರೆದವನು ಯಾರು, ಎಂದು ಬರೆದನು ಎಂಬುದನ್ನು ಮೊದಲು ನೋಡಿ, ಆಮೇಲೆ ಒಳಗಣ ಮಾತಿಗೆ ಪ್ರವೇಶಿಸಿದರು. ಒಂದು ಪತ್ರದ ಮಾತನ್ನು ಮತ್ತೊಂದರೊಡನೆ ತಾಳೆನೋಡಿದರು. ಉಭಯರಿಗೂ ಇದ್ದ ಅಂತರವು ಜ್ಞಾಪಕಶಕ್ತಿಯದಲ್ಲ, ಓದುವ ಅಭ್ಯಾಸದ್ದು. ನಮ್ಮ ದೇಶದಲ್ಲಿಯೂ ಮಧ್ಯಪ್ರದೇಶದಲ್ಲಿ 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆಯು ಸರಕಾರಿ ಶಾಲೆಗಳ ಮಕ್ಕಳಿಗಾಗಿ, ಕಂಠಪಾಠವನ್ನು ಬಿಟ್ಟು ಪ್ರಶ್ನೆ ಮತ್ತು ಚರ್ಚೆಗಳ ಮೇಲೆ ನಿಂತ ಸಮಾಜವಿಜ್ಞಾನದ ಪುಸ್ತಕಗಳನ್ನು ಸಿದ್ಧಪಡಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಶಾಲೆಯ ಅರಿವನ್ನು ಶಾಲೆಯ ಹೊರಗಣ ಬದುಕಿನೊಡನೆ ಜೋಡಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ತತ್ತ್ವವು ನಮ್ಮಲ್ಲಿ ಅಂಗೀಕೃತವಾಗಿದೆ. ಅದಕ್ಕೆ ಊರಿನ ಸಾಮಗ್ರಿಯನ್ನು ಒದಗಿಸುವ ಕೆಲಸ ಮಾತ್ರ ಉಳಿದಿದೆ.

ಅಂಥ ಸಾಮಗ್ರಿಗಳಲ್ಲಿ ಹಲಗಲಿಯ ಕಥೆಗೆ ಅಗ್ರಸ್ಥಾನ ಸಲ್ಲಬೇಕು. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಎದ್ದ ಬಂಡಾಯದ ಬಳಿಕ ಬ್ರಿಟಿಷ್ ಸರಕಾರವು ಜನರಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಮಾಡಿತು. ಬೇಟೆಯೇ ವೃತ್ತಿಯೂ ಆಯುಧವೇ ಗೌರವವೂ ಆಗಿದ್ದ ಬೇಡರಿಗೆ ಇದು ಜೀವನವನ್ನೇ ಕಿತ್ತುಕೊಳ್ಳುವ ಆಜ್ಞೆಯಾಯಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಆಯುಧಗಳನ್ನು ಕೊಡಲೊಲ್ಲದೆ ತಿರುಗಿಬಿದ್ದರು. ಸುತ್ತಣ ಹಳ್ಳಿಗಳವರೂ ಬಂದು ಕೂಡಿದರು. ನವೆಂಬರಿನ ಕೊನೆಯ ಹೊತ್ತಿಗೆ ಬ್ರಿಟಿಷರ ದಂಡು ಊರನ್ನು ಮುತ್ತಿತು. ಇತಿಹಾಸಗ್ರಂಥಗಳು ಕೊಡುವ ಲೆಕ್ಕದಂತೆ ಸುಮಾರು 100 ಮಂದಿ ಹೋರಾಡುತ್ತ ಮಡಿದರು, 290 ಮಂದಿ ಸೆರೆಸಿಕ್ಕರು, ಅವರಲ್ಲಿ 19 ಮಂದಿಯನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು: ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ ಬಂಡಾಯದ ಮುಂದಾಳುಗಳಾದ ಜಡಗ, ಬಾಲ ಇವರನ್ನೊಳಗೊಂಡು ಆರು ಮಂದಿಯನ್ನು.

ಇದೇ ಘಟನೆಯನ್ನು ಕುರಿತು ಜನರು ಕಟ್ಟಿದ ಲಾವಣಿಯೂ ನಮಗೆ ದೊರೆತಿದೆ. ಡಪ್ಪು ತುಂತುಣಿಗಳೊಡನೆ ಊರೂರಿನಲ್ಲಿ ಹಾಡುತ್ತಿದ್ದ ಆ ಹಾಡನ್ನು, ಘಟನೆ ನಡೆದು ಸುಮಾರು ಮೂವತ್ತು ವರ್ಷಗಳೊಳಗೆ, ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಇಂದು ಅದು ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಪದ್ಯವಾಗಿ ಪರಿಚಿತವಾಗಿದೆ. ಆದರೆ ಪದ್ಯವಾಗಿ ಅರ್ಥೈಸುವುದು ಬೇರೆ, ಸಾಕ್ಷಿಯಾಗಿ ವಿಚಾರಿಸುವುದು ಬೇರೆ, ಮತ್ತು ಈ ಎರಡನೆಯ ಕೆಲಸಕ್ಕೆ ಹತ್ತನೆಯ ತರಗತಿಯವರೆಗೆ ಕಾಯಬೇಕಾದುದಿಲ್ಲ.

ಐದನೆಯ ಅಥವಾ ಆರನೆಯ ತರಗತಿಯ ಮುಂದೆ ಗುರುಗಳು ಎರಡು ಅರ್ಧಪುಟಗಳನ್ನು ಇಡಲಿ. ಒಂದರಲ್ಲಿ ಆಡಳಿತದ ಕಡೆಯಿಂದ ಬಂದ ವೃತ್ತಾಂತದ ಸಾರವು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿರಲಿ. ಮತ್ತೊಂದರಲ್ಲಿ ಲಾವಣಿಯ ಕೆಲವು ನುಡಿಗಳಿರಲಿ, ಹಾಡಬಲ್ಲವರು ಊರಲ್ಲಿದ್ದರೆ ಅವರನ್ನೇ ಕರೆದು ಹಾಡಿಸಲಿ. ಅರ್ಥ ಹೇಳುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಲಿ: ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದರು? ಯಾರಿಗೆ ಹೇಳಿದರು? ಅವರು ಎಲ್ಲಿ ನಿಂತು ಇದನ್ನು ಕಂಡರು? ಮಕ್ಕಳು ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಎರಡು ಸಾಕ್ಷಿಗಳೂ ಒಪ್ಪುವ ಮಾತುಗಳನ್ನು, ಇನ್ನೊಂದು ಕಡೆ ಒಬ್ಬರು ಮಾತ್ರ ಹೇಳುವ ಮಾತುಗಳನ್ನು ಬರೆಯಲಿ. ಆಯುಧ ಒಪ್ಪಿಸೆಂಬ ಆಜ್ಞೆ ಬಂದುದು, ಬೇಡರು ಒಪ್ಪದೆ ನಿಂತುದು, ದಂಡು ಬಂದುದು, ಬಹುಜನರು ಸತ್ತುದು ಇವು ಮೊದಲನೆಯ ಕಡೆ ಬರುವುವು. ಈ ಅಂಶಗಳಲ್ಲಿ ಪರಸ್ಪರ ವೈರಿಗಳಾದ ಎರಡು ಪಕ್ಷಗಳೂ ಒಂದೇ ಮಾತನ್ನು ಹೇಳುವುದರಿಂದ ಅವು ಗಟ್ಟಿಯಾದ ಸಂಗತಿಗಳೆಂದು ಮಕ್ಕಳು ತಾವೇ ತೀರ್ಮಾನಿಸುವರು.

ಎರಡನೆಯ ಕಡೆಯಲ್ಲಿ ಬರುವ ಮಾತುಗಳು ಇನ್ನೂ ಹೆಚ್ಚು ಕಲಿಸುವಂಥವು. ಆಡಳಿತದ ಲೆಕ್ಕವು ಸತ್ತವರನ್ನು, ಸೆರೆಸಿಕ್ಕವರನ್ನು, ಶಿಕ್ಷೆಯ ದಿನಾಂಕವನ್ನು ಎಣಿಸುತ್ತದೆ. ಲಾವಣಿಯಾದರೋ ಲೂಟಿಯಾದ ಮನೆಗಳ ಒಳಗೆ ಕರೆದೊಯ್ದು, ಹಾಲು ಮೊಸರು, ಉಪ್ಪು ಎಣ್ಣೆಗಳಿಂದ ಹಿಡಿದು ಹೆಣ್ಣುಮಕ್ಕಳ ಮಂಗಳಸೂತ್ರದವರೆಗೆ ಏನೇನು ಹೋಯಿತೆಂಬುದನ್ನು ಒಂದೊಂದಾಗಿ ಹೇಳುತ್ತದೆ. ಊರು ಸುಟ್ಟು ಬೂದಿಯಾಯಿತೆಂದು ದುಃಖಿಸುತ್ತದೆ. ಇಂಗ್ಲಿಷ್ ಅಧಿಕಾರಿಗಳ ಹೆಸರುಗಳನ್ನು ಹಳ್ಳಿಗರ ಕಿವಿಗೆ ಬಿದ್ದಂತೆ ಕನ್ನಡದ ನಾಲಗೆಗೆ ಒಗ್ಗಿಸಿ ನುಡಿಯುತ್ತದೆ. ಅಡಿಗೆಮನೆಯ ಉಪ್ಪಿನ ಮಾತು ಒಂದರಲ್ಲಿ ಏಕೆ ಬಂದಿತು, ಮತ್ತೊಂದರಲ್ಲಿ ಏಕೆ ಬರಲಿಲ್ಲ ಎಂದು ಗುರುಗಳು ಕೇಳಿದರೆ, ವರದಿ ಬರೆಯುವವನು ತನ್ನ ಮೇಲಧಿಕಾರಿಗೆ ಬೇಕಾದುದನ್ನು ಬರೆದನು, ಹಾಡು ಕಟ್ಟಿದವನು ಕಳೆದುಕೊಂಡವರ ನೋವನ್ನು ಹಾಡಿದನು ಎಂಬ ಉತ್ತರಕ್ಕೆ ಹತ್ತು ವರ್ಷದ ಮಗುವೂ ಬರಬಲ್ಲದು. ಒಂದನ್ನು ಸುಳ್ಳೆಂದೂ ಮತ್ತೊಂದನ್ನು ನಿಜವೆಂದೂ ತಳ್ಳಿಹಾಕುವುದು ಇತಿಹಾಸಬುದ್ಧಿಯಲ್ಲ. ಪ್ರತಿಯೊಂದು ಸಾಕ್ಷಿಯೂ ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂದು ತೂಗುವುದೇ ಇತಿಹಾಸಬುದ್ಧಿ. ಜನರ ಕಡೆಯ ಈ ಹಾಡನ್ನು ಮೊದಲು ಅಚ್ಚಿಗೆ ತಂದು ಉಳಿಸಿದವನು ಆ ಸರಕಾರದ ಸೇವೆಯಲ್ಲಿಯೇ ಇದ್ದವನೆಂಬ ಸಂಗತಿಯನ್ನೂ ಗುರುಗಳು ತಿಳಿಸಬೇಕು. ನಮ್ಮವರು ಹೇಳಿದ್ದೆಲ್ಲ ಸರಿ, ಪರರು ಮಾಡಿದ್ದೆಲ್ಲ ತಪ್ಪು ಎಂಬ ಸುಲಭವಾದ ವಿಭಾಗದಿಂದ ಮಕ್ಕಳನ್ನು ಕಾಪಾಡಲು ಅಷ್ಟು ಸಾಕು.

ಓದಿದ ಮೇಲೆ ಬರೆಯಿಸಬೇಕು. ಬರವಣಿಗೆಯಿಲ್ಲದ ಚರ್ಚೆಯು ತರಗತಿಯಲ್ಲಿ ನಾಲ್ಕು ಜನ ಚುರುಕು ಮಕ್ಕಳ ಪಾಲಾಗುವುದು. ಆದರೆ ‘ಹಲಗಲಿಯ ಬೇಡರ ಮೇಲೆ ಪ್ರಬಂಧ ಬರೆಯಿರಿ’ ಎಂದರೆ ಮಕ್ಕಳು ಪುಸ್ತಕದ ವಾಕ್ಯಗಳನ್ನೇ ಇಳಿಸುವರು. ಮೊದಲು ಒಂದೇ ವಾಕ್ಯ ಸಾಕು; ಆ ವಾಕ್ಯದಲ್ಲಿ ‘ಏಕೆಂದರೆ’ ಎಂಬ ಪದ ಬರಲೇಬೇಕು. ಎರಡನೆಯ ವಾರದಲ್ಲಿ ಮೂರು ವಾಕ್ಯಗಳು: ನನಗೆ ತೋರುವುದೇನು, ಯಾವ ಸಾಕ್ಷಿಯಿಂದ ಹಾಗೆ ತೋರುತ್ತದೆ, ಇನ್ನೂ ತಿಳಿಯದೆ ಉಳಿದದ್ದೇನು. “ಹಲಗಲಿಯ ಮನೆಗಳನ್ನು ಲೂಟಿ ಮಾಡಿದರೆಂದು ನನಗೆ ಅನಿಸುತ್ತದೆ, ಏಕೆಂದರೆ ಲಾವಣಿಯಲ್ಲಿ ಸಾಮಾನುಗಳ ಹೆಸರಿವೆ. ಇನ್ನೊಂದು ಕಾಗದದಲ್ಲಿ ಈ ಮಾತಿಲ್ಲ. ಲೂಟಿಯಾದ ಮನೆಯವರು ಆಮೇಲೆ ಎಲ್ಲಿಗೆ ಹೋದರೋ ಎರಡರಲ್ಲಿಯೂ ಇಲ್ಲ” ಎಂದು ಒಂದು ಮಗು ಬರೆದರೆ, ಕಾಗುಣಿತದ ತಪ್ಪುಗಳೆಷ್ಟೇ ಇರಲಿ, ಆ ಮೂರು ವಾಕ್ಯಗಳು ಪುಸ್ತಕದಿಂದ ಇಳಿಸಿದ ಮೂರು ಪುಟಗಳಿಗಿಂತ ಬೆಲೆಯುಳ್ಳವು. ಮೂರನೆಯ ವಾಕ್ಯಕ್ಕೆ ಗುರುಗಳು ವಿಶೇಷವಾದ ಗೌರವವನ್ನು ಕೊಡಬೇಕು. ತನಗೆ ತಿಳಿಯದುದನ್ನು ಗುರುತಿಸಿ ಹೇಳುವ ಧೈರ್ಯವು ವಿದ್ಯೆಯ ಮೊದಲ ಲಕ್ಷಣ.

ಸಾಕ್ಷಿಗಳನ್ನು ತಾಳೆನೋಡುವ ವಿದ್ಯೆಗೆ ಮುಧೋಳವು ಮತ್ತೊಂದು ಸೊಗಸಾದ ಉದಾಹರಣೆಯನ್ನು ಒದಗಿಸುತ್ತದೆ. ಅಲ್ಲಿ ಹುಟ್ಟಿದ ಕವಿಚಕ್ರವರ್ತಿ ರನ್ನನು ತನ್ನ ‘ಅಜಿತಪುರಾಣ’ದಲ್ಲಿ ತನ್ನ ವಿಷಯವನ್ನು ತಾನೇ ಹೇಳಿಕೊಂಡಿರುವನು: ತಾನು ಬಳೆಗಾರರ ಕುಲದವನೆಂದೂ ಸೌಮ್ಯ ಸಂವತ್ಸರದಲ್ಲಿ ಜನಿಸಿದವನೆಂದೂ. ಸಂವತ್ಸರಗಳು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವುವಷ್ಟೆ; ಹಾಗಾದರೆ ಯಾವ ಸೌಮ್ಯ? ಪಂಚಾಂಗವನ್ನು ನೋಡಿದರೆ 2029ರ ಯುಗಾದಿಗೆ ಸೌಮ್ಯ ಸಂವತ್ಸರವು ಆರಂಭವಾಗುವುದು. ಅಲ್ಲಿಂದ ಅರುವತ್ತರಂತೆ ಹಿಂದಕ್ಕೆ ಎಣಿಸುತ್ತ ಹೋದರೆ 1009, 949, 889 ಎಂಬ ಇಸವಿಗಳು ದೊರೆಯುವುವು. ‘ಅಜಿತಪುರಾಣ’ವು 993ರಲ್ಲಿ ಮುಗಿಯಿತೆಂಬುದು ಗೊತ್ತಿರುವುದರಿಂದ 1009 ಸಲ್ಲದು, ಆಗ ಕಾವ್ಯವು ಕವಿಗಿಂತ ಮೊದಲೇ ಹುಟ್ಟಿದಂತಾಗುವುದು, 889 ಎಂದರೆ ಕಾವ್ಯ ಮುಗಿದಾಗ ಕವಿಗೆ 104 ವರ್ಷ ತುಂಬಿರಬೇಕಾಗುವುದು, ಉಳಿಯುವುದು 949, ಆಗ ಅವನು ನಾಲ್ವತ್ತನಾಲ್ಕರ ಪ್ರಾಯದವನು. ಕೂಡುವ ಕಳೆಯುವ ಲೆಕ್ಕ ಬಲ್ಲ ಮಗುವು ಇದನ್ನು ತಾನೇ ಮಾಡಬಲ್ಲದು; ಮಾಡಿದ ಮೇಲೆ 949 ಎಂಬ ಅಂಕಿಯು ಅದಕ್ಕೆ ಒಪ್ಪಿಸುವ ಉತ್ತರವಾಗಿರದೆ ತನ್ನ ಸಂಪಾದನೆಯಾಗುವುದು.

ಉಳಿದ ತಾಲೂಕುಗಳಲ್ಲಿಯೂ ಇಂಥ ಆಕರಗಳಿಗೆ ಬರವಿಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಹನ್ನೆರಡನೆಯ ಶತಮಾನದ ಶಾಸನವಿದೆ. ಮಾಂಡಲಿಕನಾದ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಅದು ತಿಳಿಸುತ್ತದೆ, ಅದನ್ನು ಓದಿ ಪ್ರಕಟಿಸಿದವನೂ ಫ್ಲೀಟನೇ. ನೇಕಾರರ ಊರುಗಳಾದ ರಬಕವಿ, ಬನಹಟ್ಟಿಗಳಲ್ಲಿ ಕುಣಿಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದ ಬದಲಾವಣೆಯನ್ನು ಒಂದೇ ಮನೆಯ ಅಜ್ಜಿ, ತಂದೆ, ಅಣ್ಣ ಮೂವರ ಬಾಯಿಂದ ಕೇಳಿ ಬರೆದುಕೊಳ್ಳಬಹುದು. ಹಳೆಯ ಲಾಳಿಯೊಂದು, ಸಾಹುಕಾರನ ಲೆಕ್ಕದ ಚೀಟಿಯೊಂದು ಆ ಮಾತುಗಳಿಗೆ ಆಧಾರವಾಗುವುವು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮ ಹಣವನ್ನೂ ಶ್ರಮವನ್ನೂ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ‘ಶ್ರಮಬಿಂದು ಸಾಗರ’ವೆಂಬ ಹೆಸರಿನಿಂದ ನಿಂತಿದೆ, ಅದಕ್ಕೆ ಮಣ್ಣು ಹೊತ್ತವರು ಇನ್ನೂ ನಮ್ಮ ನಡುವೆ ಇರುವರು. ಬೀಳಗಿ ತಾಲೂಕಿನಲ್ಲಾದರೋ ಈ ಕಾರ್ಯವು ತುರ್ತಿನದು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನರು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿರುವರು. ಹಳೆಯ ಊರಿನ ಅಗಸೆ ಎಲ್ಲಿತ್ತು, ಬಾವಿ ಯಾವ ಕಡೆಗಿತ್ತು, ಜಾತ್ರೆಯ ತೇರು ಯಾವ ಓಣಿಯಲ್ಲಿ ಹರಿಯುತ್ತಿತ್ತು ಎಂಬುದು ಅವರ ನೆನಪಿನಲ್ಲಿ ಮಾತ್ರ ಉಳಿದಿದೆ. ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ ಒಂದು ನಕ್ಷೆಯನ್ನು ಬರೆದು, ಅದನ್ನು ಹಳೆಯ ಸರ್ವೆ ನಕ್ಷೆಯೊಡನೆ ಹೋಲಿಸುವ ಕೆಲಸವು ಮಕ್ಕಳಿಗೆ ಪಾಠವೂ ಆಗುವುದು, ಊರಿಗೆ ಉಪಕಾರವೂ ಆಗುವುದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಪಠ್ಯವನ್ನು ಮುಗಿಸುವುದಕ್ಕೇ ವೇಳೆ ಸಾಲದೆಂದು ಶಿಕ್ಷಕರು ಹೇಳುವರು, ಅದು ನಿಜವಾದ ಕಷ್ಟ. ಆದರೆ ಪ್ರತಿ ಪಾಠವನ್ನೂ ಹೀಗೆ ಕಲಿಸಬೇಕೆಂದು ಯಾರೂ ಕೇಳುತ್ತಿಲ್ಲ. ವರ್ಷಕ್ಕೆ ಎರಡು ಮೂರು ಪಾಠಗಳನ್ನು ಹೀಗೆ ಕಲಿಸಿದರೂ ಉಳಿದ ಪಾಠಗಳನ್ನು ಮಕ್ಕಳು ಬೇರೆ ಕಣ್ಣಿನಿಂದ ಓದುವರು. ಗಲ್ಲು, ಲೂಟಿ ಮುಂತಾದ ಕ್ರೌರ್ಯದ ಸಂಗತಿಗಳು ಎಳೆಯರಿಗೆ ತಕ್ಕವಲ್ಲವೆಂಬ ಮಾತೂ ವಿಚಾರಾರ್ಹ. ಗುರುಗಳು ವಿವೇಕದಿಂದ ಆಯ್ದು, ಶಾಂತವಾದ ದನಿಯಲ್ಲಿ ಹೇಳತಕ್ಕುದು. ಹಿರಿಯರ ಮಾತನ್ನು ಪ್ರಶ್ನಿಸಲು ಕಲಿಸಿದರೆ ಮಕ್ಕಳಲ್ಲಿ ಭಕ್ತಿ ಕುಂದೀತೆಂದು ಅಂಜುವವರೂ ಉಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಗಾದೆ ಕಟ್ಟಿದವರು ನಮ್ಮ ಹಿರಿಯರೇ ಎಂಬುದನ್ನು ಅವರಿಗೆ ನೆನಪಿಸಬೇಕಾಗಿದೆ. ಅಜ್ಜನ ಎದುರು ಕುಳಿತು, ಅವನ ಮಾತನ್ನು ಗಮನವಿಟ್ಟು ಕೇಳಿ, ಬರೆದುಕೊಂಡು, ಬರೆದುದನ್ನು ಅವನಿಗೇ ಓದಿ ತೋರಿಸುವ ಮೊಮ್ಮಗಳು ಅವನಿಗೆ ಸಲ್ಲಿಸುವ ಗೌರವಕ್ಕಿಂತ ಹೆಚ್ಚಿನ ಗೌರವ ಯಾವುದು?

ಈ ವಿದ್ಯೆಯ ಪ್ರಯೋಜನವು ಇತಿಹಾಸದ ಗಡಿಯೊಳಗೆ ನಿಲ್ಲುವಂಥದಲ್ಲ. ಮೊಬೈಲಿನಲ್ಲಿ ಕ್ಷಣಕ್ಕೊಂದು ಸುದ್ದಿ, ದಿನಕ್ಕೊಂದು ವಿಡಿಯೋ ಮನೆಯೊಳಗೆ ಬಂದು ಬೀಳುವ ಈ ಕಾಲದಲ್ಲಿ, ಇದನ್ನು ಯಾರು ಹೇಳಿದರು, ಬೇರೆ ಸಾಕ್ಷಿ ಏನಿದೆ ಎಂದು ಕೇಳುವ ಅಭ್ಯಾಸವು ಎಳವೆಯಲ್ಲಿಯೇ ಬಾರದಿದ್ದರೆ ಮುಂದೆ ಬರುವುದು ದುರ್ಲಭ. ನಮ್ಮ ಮಕ್ಕಳು ನಾಳೆ ಮತದಾರರೂ ಪಂಚಾಯತಿ ಸದಸ್ಯರೂ ನ್ಯಾಯ ಹೇಳುವವರೂ ಆಗತಕ್ಕವರು; ಎರಡು ಪಕ್ಷಗಳ ಮಾತನ್ನೂ ಕೇಳಿ, ತೂಗಿ, ಕಾರಣಸಹಿತವಾಗಿ ತಮ್ಮ ಅಭಿಪ್ರಾಯವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಬಲ್ಲವರಾಗುವುದು ಅವರಿಗೆ ಬಾಳಿನ ಅವಶ್ಯಕತೆ.

ಆದುದರಿಂದ ಈ ನಾಲ್ಕು ತಾಲೂಕುಗಳ ಶಿಕ್ಷಕ ಬಂಧುಗಳಲ್ಲಿಯೂ ಪಾಲಕರಲ್ಲಿಯೂ ಶಾಲಾಭಿವೃದ್ಧಿ ಸಮಿತಿಗಳವರಲ್ಲಿಯೂ ಒಂದು ವಿನಂತಿ. ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದಿರುವ ಹಳೆಯ ಹಾಜರಿ ಪುಸ್ತಕಗಳನ್ನೂ ದಾಖಲಾತಿ ರಜಿಸ್ಟರುಗಳನ್ನೂ ರದ್ದಿಗೆ ಹಾಕಬೇಡಿರಿ; ಮನೆಯ ಪೆಟ್ಟಿಗೆಯ ಹಳೆಯ ಕಾಗದಗಳನ್ನು ಒಲೆಗೆ ಹಾಕುವ ಮುನ್ನ ಮಕ್ಕಳಿಗೆ ತೋರಿಸಿರಿ. 1948ರ ವಿಲೀನವನ್ನು ಬಾಲ್ಯದಲ್ಲಿ ಕಂಡವರು ಈಗ ಎಂಬತ್ತೈದರ ಆಚೀಚೆ ಇರುವರು. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮುಂದಿನ ವರ್ಷಕ್ಕೆಂದು ಇಟ್ಟುಕೊಳ್ಳದೆ ಈ ವರ್ಷವೇ ಮಾಡಿಸಿರಿ.